ಒಂದು ಹೊತ್ತು ಉಂಡವ ಯೋಗಿಯೇ?

ಪ್ರೌಢಶಾಲೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಗಾದೆಯ ವಿಸ್ತರಣೆಗೆಂದೇ ಒಂದು ಪ್ರಶ್ನೆ ಇರುತ್ತಿದ್ದುದು ನಿಮಗೆಲ್ಲ ನೆನಪಿರಬಹುದು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಬಂದಾಗಲೆಲ್ಲ ನಿಮ್ಮಲ್ಲಿ ಬಹುತೇಕರು ಅದರ ಬೆಂಬಲಕ್ಕೆ ಇನ್ನೊಂದು ಗಾದೆಯನ್ನು ಕರೆತರುತ್ತಿದ್ದಿರಿ: ‘ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ.’ ನಾಲ್ಕು ಹೊತ್ತು ಉಂಡವನನ್ನು ಹೊತ್ತುಕೊಂಡು ಹೋಗುವ ಕೊನೆಯ ಮಾತನ್ನು ಹಿಂದಿನ ಬೆಂಚಿನವರು ತಪ್ಪದೆ ಸೇರಿಸುತ್ತಿದ್ದರು. ಈ ಎರಡನೆಯ ಗಾದೆಯನ್ನು ಎಪ್ಪತ್ತು ದಾಟಿದ ನಾನು ಇಂದು ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ. ಏಕೆಂದರೆ ನನ್ನ ಓರಗೆಯ ಅನೇಕರು ಇದನ್ನು ಅಕ್ಷರಶಃ ಪಾಲಿಸುತ್ತಿದ್ದಾರೆ, ಪಾಲಿಸಿ ಸೊರಗುತ್ತಿದ್ದಾರೆ.

ಗಾದೆ ಸುಳ್ಳೆಂದು ನಾನು ಹೇಳಲಾರೆ. ನಲವತ್ತು, ಐವತ್ತರ ಪ್ರಾಯದಲ್ಲಿರುವ ನನ್ನ ಶಿಷ್ಯರಿಗೆ ಅದು ಇಂದಿಗೂ ಒಳ್ಳೆಯ ಎಚ್ಚರಿಕೆ. ಕುಳಿತು ಮಾಡುವ ಕೆಲಸ, ಸಂಜೆಯ ಕರಿದ ತಿಂಡಿ, ರಾತ್ರಿ ಹತ್ತರ ಊಟ, ಇವುಗಳಿಂದ ಬರುವ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳ ವಿಷಯ ನಿಮಗೆ ತಿಳಿದೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ೨೦೨೪ರಲ್ಲಿ ಭಾರತೀಯರಿಗಾಗಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ ೧೭ ಸೂತ್ರಗಳಿವೆ. ತಟ್ಟೆಯ ಅರ್ಧಭಾಗ ತರಕಾರಿ, ಸೊಪ್ಪು, ಹಣ್ಣುಗಳಿಂದ ತುಂಬಿರಲಿ, ಉಪ್ಪು ದಿನಕ್ಕೆ ೫ ಗ್ರಾಂ ಮೀರದಿರಲಿ ಎಂದು ಅದು ಹೇಳುತ್ತದೆ. ಅದೇ ಮಾರ್ಗಸೂಚಿಯ ಒಂದು ಸೂತ್ರ ವೃದ್ಧರಿಗಾಗಿಯೇ ಮೀಸಲಾಗಿದೆ: ಅವರ ಆಹಾರದಲ್ಲಿ ಪೋಷಕಾಂಶ ಹೇರಳವಾಗಿರುವ ಪದಾರ್ಥಗಳಿಗೆ ಆದ್ಯತೆ ಇರಬೇಕು. ನಮ್ಮ ಗಾದೆ ಹೇಳದೆ ಬಿಟ್ಟ ಮಾತು ಇದು.

ಮುಪ್ಪಿನಲ್ಲಿ ದೇಹದ ಲೆಕ್ಕಾಚಾರ ಬದಲಾಗುತ್ತದೆ. ಓಡಾಟ ಕಡಿಮೆಯಾಗಿ ಹಸಿವು ತಗ್ಗುತ್ತದೆ. ನಾಲಗೆಯ ರುಚಿ, ಮೂಗಿನ ವಾಸನೆ ಮಂದವಾಗುತ್ತವೆ. ಹಲ್ಲು ಹೋದವರು ಮೊದಲು ಕಾಳು, ಸೊಪ್ಪು, ಹಸಿ ತರಕಾರಿಗಳನ್ನು ಬಿಡುತ್ತಾರೆ. ಉಳಿಯುವುದು ಮೆತ್ತಗಿನ ಅನ್ನ. ದೇಹಕ್ಕೆ ನೀರು ಬೇಕಾದಾಗಲೂ ಬಾಯಾರಿಕೆ ಆಗದಿರಬಹುದು. ಜಠರದ ಆಮ್ಲ ಕುಗ್ಗುವುದರಿಂದ ಬಿ-೧೨ ಜೀವಸತ್ವವನ್ನು ಆಹಾರದಿಂದ ಹೀರಿಕೊಳ್ಳುವ ಶಕ್ತಿಯೂ ಇಳಿಯುತ್ತದೆ. ಇದರ ಜೊತೆಗೆ ಸ್ನಾಯುಗಳು ಮೌನವಾಗಿ ಕರಗುತ್ತಿರುತ್ತವೆ. ಮೂವತ್ತರ ನಂತರ ದಶಕಕ್ಕೆ ಶೇಕಡಾ ೩ರಿಂದ ೮ರಷ್ಟು ಸ್ನಾಯು ಕಡಿಮೆಯಾಗುತ್ತದೆಂದೂ ಅರವತ್ತರ ಮೇಲೆ ಆ ವೇಗ ಹೆಚ್ಚುತ್ತದೆಂದೂ ವೈದ್ಯರು ಹೇಳುತ್ತಾರೆ. ೧೯೮೯ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಇದಕ್ಕೆ ‘ಸಾರ್ಕೋಪೀನಿಯಾ’ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಪದವನ್ನು ಬಿಡಿಸಿದರೆ ‘ಮಾಂಸದ ಬಡತನ’ ಎಂದಾಗುತ್ತದೆ. ಬೇಕಾಗುವ ಶಕ್ತಿ ಕಡಿಮೆ, ಆದರೆ ಬೇಕಾಗುವ ಸತ್ವ ಕಡಿಮೆಯಲ್ಲ. ಆದ್ದರಿಂದ ಚಿಕ್ಕ ತಟ್ಟೆಯಲ್ಲಿ ಹೆಚ್ಚು ಸಾರವಿರಬೇಕು.

ನನ್ನ ಅಕ್ಕನ ಕಥೆಯನ್ನು ಇಲ್ಲಿ ಹೇಳುವುದು ಉಚಿತ. ತಿಪಟೂರಿನ ಸಮೀಪದ ಹಳ್ಳಿಯಲ್ಲಿ ಅವಳ ವಾಸ. ೨೦೧೬ರಲ್ಲಿ ಭಾವನವರು ತೀರಿಕೊಂಡ ಮೇಲೆ ಮಧ್ಯಾಹ್ನ ಒಂದು ಹೊತ್ತು ಊಟ, ರಾತ್ರಿ ಫಲಾಹಾರ ಎಂಬ ಹಳೆಯ ಕ್ರಮವನ್ನು ತಾನಾಗಿಯೇ ಹಿಡಿದಳು. ಫಲಾಹಾರವೆಂದರೆ ಮೊದಮೊದಲು ಅವಲಕ್ಕಿ, ಬಾಳೆಹಣ್ಣು, ಒಂದು ಲೋಟ ಹಾಲು. ಬರುಬರುತ್ತ ಅದು ಕಾಫಿ ಮತ್ತು ಎರಡು ರಸ್ಕಿಗೆ ಇಳಿಯಿತು. ಕೇಳಿದರೆ, “ನಂಗೊಬ್ಬಳಿಗೆ ಏನು ಅಡುಗೆ ಮಾಡ್ಕೊಳ್ಳೋದು ಕಣೋ? ವಯಸ್ಸಾದ್ಮೇಲೆ ಎರಡು ತುತ್ತು ಸಾಕು” ಎನ್ನುತ್ತಿದ್ದಳು. ಮಧ್ಯಾಹ್ನದ ಊಟವೆಂದರೂ ಅನ್ನ, ತಿಳಿಸಾರು. ಬೇಳೆ ಪಾತ್ರೆಯ ತಳದಲ್ಲಿಯೇ ಉಳಿದು ಹಸುವಿನ ಕಲಗಚ್ಚಿಗೆ ಹೋಗುತ್ತಿತ್ತು. ಬಂಧುಗಳೆಲ್ಲ ಅವಳ ನಿಯಮನಿಷ್ಠೆಯನ್ನು ಕೊಂಡಾಡಿದರು.

೨೦೨೧ರ ಒಂದು ಬೆಳಿಗ್ಗೆ ದೇವರ ಮನೆಯಲ್ಲಿ ನಮಸ್ಕಾರ ಮಾಡಿದವಳಿಗೆ ನೆಲದಿಂದ ಏಳಲಾಗಲಿಲ್ಲ. ಹಾಲಿನ ಹುಡುಗ ಬಂದು ಕೂಗುವವರೆಗೂ ಹಾಗೆಯೇ ಕುಳಿತಿದ್ದಳಂತೆ. ಮೂಳೆ ಮುರಿದಿರಲಿಲ್ಲ, ಪಾರ್ಶ್ವವಾಯುವೂ ಅಲ್ಲ. ಪರೀಕ್ಷಿಸಿದ ವೈದ್ಯರು ತೂಕ ನೋಡಿ, ತೊಡೆಯ ಸ್ನಾಯು ಮುಟ್ಟಿ, ರಕ್ತಪರೀಕ್ಷೆ ಮಾಡಿಸಿದರು. ಬಿ-೧೨ ತೀರ ಕಡಿಮೆಯಿತ್ತು. “ನಿಮಗೆ ರೋಗಕ್ಕಿಂತ ಉಪವಾಸ ಹೆಚ್ಚಾಗಿದೆ ಅಮ್ಮ” ಎಂದರು. ಪಾದಗಳ ಜೋಮು, ತೂರಾಡುವ ನಡಿಗೆ, ಮರೆವು, ಇವನ್ನೆಲ್ಲ ನಾವು ವಯಸ್ಸಿನ ಖಾತೆಗೆ ಬರೆದಿದ್ದೆವು. ಕೊರತೆಗೂ ಅದರಲ್ಲಿ ಪಾಲಿತ್ತು.

ಚಿಕಿತ್ಸೆಗೆ ಕೆಲವು ಚುಚ್ಚುಮದ್ದು, ಆಮೇಲೆ ಮಾತ್ರೆ. ಉಳಿದದ್ದು ಅಡುಗೆಮನೆಯ ಕೆಲಸ. ವಯಸ್ಸಾದವರಿಗೆ ದೇಹತೂಕದ ಒಂದು ಕಿಲೋಗೆ ದಿನಕ್ಕೆ ೧ರಿಂದ ೧.೨ ಗ್ರಾಂ ಪ್ರೋಟೀನು ಬೇಕೆಂಬುದು ಇಂದಿನ ಅನೇಕ ತಜ್ಞರ ಸಲಹೆ. ೪೫ ಕಿಲೋ ತೂಗುತ್ತಿದ್ದ ಅಕ್ಕನಿಗೆ ಅದು ಕನಿಷ್ಠ ೪೫ ಗ್ರಾಂ. ಮೂವತ್ತು ಗ್ರಾಂ ಬೇಳೆಯಲ್ಲಿ ಸುಮಾರು ೭ ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ೬ ಗ್ರಾಂ ಸಿಗುತ್ತದೆ. ತಿಳಿಸಾರಿನಲ್ಲಿ ಸಿಗುವುದು ಅತ್ಯಲ್ಪ. ಹಾಗಾಗಿ ಬೆಳಿಗ್ಗೆ ಹೆಸರುಬೇಳೆಯ ದೋಸೆ, ಮಧ್ಯಾಹ್ನ ಗಟ್ಟಿ ಬೇಳೆಯ ಹುಳಿ ಅಥವಾ ಮೆತ್ತಗೆ ಬೇಯಿಸಿದ ಹುರುಳಿಕಾಳು, ಗಟ್ಟಿ ಮೊಸರು, ಸಂಜೆ ಹುರಿದ ಕಡಲೇಬೀಜದ ಪುಡಿ, ರಾತ್ರಿ ರಾಗಿ ಗಂಜಿಗೆ ಹಾಲು ಎಂದು ಗೊತ್ತುಪಡಿಸಿದೆವು. ವಿಶೇಷ ಪುಡಿ, ಡಬ್ಬಿ ಯಾವುದೂ ಬೇಕಾಗಲಿಲ್ಲ. ಮೊಟ್ಟೆ, ಮೀನು ತಿನ್ನುವವರಿಗೆ ದಾರಿ ಇನ್ನೂ ಸುಲಭ. ಊಟದ ಜೊತೆಗೆ ದಿನವೂ ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರುವ ವ್ಯಾಯಾಮವನ್ನೂ ವೈದ್ಯರು ಹೇಳಿದ್ದರು. ದುಡಿಯದ ಸ್ನಾಯು ಉಂಡದ್ದನ್ನು ಚೆನ್ನಾಗಿ ಬಳಸಿಕೊಳ್ಳುವುದಿಲ್ಲ.

ರಾಗಿಯ ಹೆಸರು ಬಂದಾಗ ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ನೆನೆಯದೆ ಮುಂದೆ ಹೋಗಲು ಈ ಕನ್ನಡ ಮೇಷ್ಟರಿಗೆ ಆಗದು. ಅಲ್ಲಿ ಭತ್ತ ಮತ್ತು ರಾಗಿ ಹಿರಿಮೆಗಾಗಿ ಜಗಳವಾಡುತ್ತವೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಬಾಡುತ್ತದೆ, ರಾಗಿ ಕುಂದದೆ ಹೊರಬರುತ್ತದೆ. ರಾಗಿಗೆ ಅಲ್ಲಿರುವ ಹೆಸರು ‘ನರೆದಲೆಗ’, ಅಂದರೆ ನರೆತ ತಲೆಯವನು. ನಮ್ಮಂಥ ನರೆದಲೆಗರಿಗೆ ಆ ನರೆದಲೆಗನೇ ಆಪ್ತಮಿತ್ರ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ನಾರೂ ಹೆಚ್ಚು, ಮುಪ್ಪಿನ ಮಲಬದ್ಧತೆ ಎಷ್ಟು ದೊಡ್ಡ ಸಂಕಟವೆಂದು ಅನುಭವಿಸಿದವರಿಗೇ ಗೊತ್ತು.

ಅಕ್ಕನ ಊಟ ಸುಧಾರಿಸಲು ಇನ್ನೊಂದು ಕಾರಣವೂ ಇತ್ತು. ಪಕ್ಕದ ಮನೆಯ ಹುಡುಗಿ ಸಂಜೆ ಓದಿಕೊಳ್ಳಲು ಬಂದು ಅವಳ ಜೊತೆಗೇ ಊಟ ಮಾಡುವುದು ರೂಢಿಯಾಯಿತು. ತನಗೊಬ್ಬಳಿಗಾಗಿ ಒಲೆ ಹಚ್ಚದವಳು ಆ ಮಗುವಿಗಾಗಿ ಪಲ್ಯ ಮಾಡಿದಳು. ಮಾಡಿದ್ದರಿಂದ ತಾನೂ ಉಂಡಳು. ಒಂಟಿತನವು ಹಸಿವನ್ನು ಕೊಲ್ಲುವಷ್ಟು ಯಾವ ರೋಗವೂ ಕೊಲ್ಲಲಾರದೇನೋ. ಈಗ ಅವಳಿಗೆ ಎಂಬತ್ತೊಂದು. ನೆಲದ ಮೇಲೆ ಕೂರುವುದು ಮತ್ತೆ ಸಾಧ್ಯವಾಗಲಿಲ್ಲ. ಮಂಡಿನೋವು ಉಳಿದೇ ಇದೆ. ಆದರೆ ಸ್ನಾನ, ಪೂಜೆ, ಅಡುಗೆ ಎಲ್ಲವೂ ಸ್ವಂತ. ಕೋಲು ಹಿಡಿದು ದೇವಸ್ಥಾನಕ್ಕೆ ಹೋಗಿಬರುತ್ತಾಳೆ. ಆಯುಸ್ಸು ಎಷ್ಟು ಹೆಚ್ಚಿತೆಂದು ಯಾರೂ ಹೇಳಲಾರರು. ಇರುವಷ್ಟು ದಿನ ಇನ್ನೊಬ್ಬರ ಕೈ ಹಿಡಿದು ಏಳಬೇಕಿಲ್ಲವೆಂಬುದೇ ಅವಳ ಪಾಲಿನ ಸಂಪತ್ತು.

ಒಂದು ಎಚ್ಚರಿಕೆ. ಮೂತ್ರಪಿಂಡದ ತೊಂದರೆಯುಳ್ಳವರು ಪ್ರೋಟೀನನ್ನು ತಾವಾಗಿ ಹೆಚ್ಚಿಸಿಕೊಳ್ಳಬಾರದು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲದಿಂದ ಸೇವಿಸುತ್ತಿರುವವರು ಬಿ-೧೨ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಮಧುಮೇಹಿಗಳಿಗೆ ರಾಗಿ ಗಂಜಿಗಿಂತ ಮುದ್ದೆಯೇ ಲೇಸು, ಅದೂ ಮಿತವಾಗಿ.

ನಿಮ್ಮಲ್ಲಿ ಅನೇಕರು ಬೆಂಗಳೂರಿನಲ್ಲೋ ಸಾಗರದಾಚೆಯೋ ಇದ್ದೀರಿ, ತಂದೆತಾಯಿಗಳು ಊರಿನಲ್ಲಿದ್ದಾರೆ. ಫೋನಿನಲ್ಲಿ “ಊಟ ಆಯ್ತಾ?” ಎಂದು ಕೇಳುತ್ತೀರಿ; “ಆಯ್ತಪ್ಪ” ಎಂಬ ಉತ್ತರ ಸಿದ್ಧವಾಗಿರುತ್ತದೆ. ರಸ್ಕು ತಿಂದವರೂ ಅದನ್ನೇ ಹೇಳುತ್ತಾರೆ. ಇನ್ನು ಮುಂದೆ “ಇವತ್ತು ಏನು ಊಟ ಮಾಡಿದಿರಿ?” ಎಂದು ಕೇಳಿರಿ. ಉತ್ತರ ಬರುವುದು ಸ್ವಲ್ಪ ತಡವಾದರೆ, ಮುಂದಿನ ರಜೆಗೆ ಕಾಯದೆ ಒಮ್ಮೆ ಹೋಗಿ ಬನ್ನಿ. ಜೊತೆಗೆ ಕುಳಿತು ಊಟ ಮಾಡಿ ಬನ್ನಿ.