ನೀರಿನ ಪಟಗಳು

ಬೇಸಗೆಯ ರಜೆಯೆಂದರೆ ವಿದ್ಯಾರ್ಥಿಗಳಿಗೆ ಹಬ್ಬ. ಅಧ್ಯಾಪಕನಿಗಾದರೋ ಉತ್ತರಪತ್ರಿಕೆಗಳ ಕಟ್ಟು ಮುಗಿದ ಮರುದಿನದಿಂದಲೇ ಬೇಸರದ ಆರಂಭ. ನಮ್ಮ ಕಾಸರಗೋಡಿನ ಸೆಕೆಯನ್ನು ಇಲ್ಲಿಯವರಿಗೆ ವರ್ಣಿಸಬೇಕಾದುದಿಲ್ಲ. ಕಡಲು ಹತ್ತಿರವಾದುದರಿಂದ ಗಾಳಿಯಲ್ಲಿ ತೇವ ತುಂಬಿ ಮೈಯ ಬೆವರು ಆರುವುದೇ ಇಲ್ಲ. ವಿಷು ಕಳೆದ ಮೇಲೆ ಹಂಚಿನ ಮಾಡಿನ ಕೆಳಗೆ ಮಧ್ಯಾಹ್ನವನ್ನು ಕಳೆಯುವುದೆಂದರೆ ಒಂದು ತಪಸ್ಸೇ ಸರಿ. ಅಂತಹ ತಾಳ್ಮೆ ನನಗಿಲ್ಲವಾದುದರಿಂದ, ಕೆಲವು ವರ್ಷಗಳಿಂದ ರಜೆಯಲ್ಲಿ ನಸುಕಿಗೇ ಮನೆಬಿಟ್ಟು ನೀರಿರುವ ತಾಣಗಳನ್ನು ಅರಸಿ ನಡೆಯುವ ಅಭ್ಯಾಸವನ್ನಿಟ್ಟುಕೊಂಡಿದ್ದೇನೆ. ಕೈಯಲ್ಲಿ ಕೊಡೆ, ಕಿಸೆಯಲ್ಲಿ ಮೊಬೈಲು ಫೋನು. ಅದರ ಕ್ಯಾಮರಾದಿಂದ ನೀರಿನ ಪಟ ತೆಗೆಯುವುದೇ ನನ್ನ ರಜೆಯ ಉದ್ಯೋಗ. ಈ ಪತ್ರಿಕೆಯಲ್ಲಿ ಪಟಗಳನ್ನು ಅಚ್ಚು ಮಾಡುವ ಅನುಕೂಲವಿಲ್ಲ. ವಾಚಕರು ಅವನ್ನು ನನ್ನ ಮಾತಿನಲ್ಲಿಯೇ ಕಾಣಬೇಕಾಗಿದೆ.

ಮನೆಯಿಂದ ಹೊರಟೊಡನೆ ಸಿಗುವುದು ಮುರಕಲ್ಲಿನ ಪದವು. ಮಳೆಗಾಲದ ಕೊನೆಯಲ್ಲಿ ನೀಲಿ ಹೂವುಗಳ ಹಾಸಾಗುವ ಈ ಬಯಲು ಎಪ್ರಿಲ್ ತಿಂಗಳಲ್ಲಿ ಕಾದ ಕಾವಲಿ. ಬಿಸಿಲೇರುವ ಮೊದಲು ದಾಟದಿದ್ದರೆ ಕೆಟ್ಟಂತೆಯೇ. ಪದವಿನ ಅಂಚಿನಿಂದ ಅಡಿಕೆ ತೋಟಗಳ ಬೈಲಿಗಿಳಿದರೆ ಋತುವೇ ಬದಲಾದಂತೆ ತೋರುತ್ತದೆ. ಬೈಲಿನ ನಡುವಣ ತೋಡಿಗೆ ಊರವರು ಕಲ್ಲುಮಣ್ಣುಗಳ ಕಟ್ಟ ಹಾಕಿದ್ದಾರೆ. ಅದರ ಹಿಂದೆ ಮೊಣಕಾಲುದ್ದದ ನೀರು.

ನೀರಿನ ಪಟ ತೆಗೆಯುವುದು ಸುಲಭವೆಂದು ಮೊದಲು ನಾನೂ ಎಣಿಸಿದ್ದೆನು. ತೆಗೆದು ನೋಡಿದರೆ ಅದರಲ್ಲಿ ಆಕಾಶವಿತ್ತು, ಅಡಿಕೆ ಮರಗಳಿದ್ದುವು, ನನ್ನ ತಲೆಯೂ ಇತ್ತು. ನೀರು ಮಾತ್ರ ಇರಲಿಲ್ಲ. ಒಂದು ದಿನ ಬಿಸಿಲಿಗೆಂದು ಕೊಡೆ ಬಿಡಿಸಿದಾಗ ಅದರ ನೆರಳು ಬಿದ್ದಷ್ಟು ಜಾಗದಲ್ಲಿ ಆಕಾಶದ ಬಿಂಬ ಅಳಿದು, ತಳದ ಕಲ್ಲುಗಳೂ ಸಣ್ಣ ಮೀನುಗಳೂ ಸ್ಪಷ್ಟವಾಗಿ ಕಂಡುವು. ಅಂದಿನಿಂದ ಕೊಡೆ ನನ್ನ ಉಪಕರಣಗಳಲ್ಲಿ ಮುಖ್ಯವಾದುದು. ಇನ್ನೊಂದು ಪಟವಂತೂ ನನಗೆ ಬಲು ಪ್ರಿಯವಾದುದು. ನೀರಿನ ಮೇಲೆ ಓಡಾಡುವ ಸಪೂರ ಕಾಲಿನ ಕೀಟವನ್ನು ಮಕ್ಕಳೆಲ್ಲರೂ ಕಂಡಿದ್ದಾರೆ. ಅದರ ನೆರಳನ್ನು ನೋಡಿದವರೆಷ್ಟು ಮಂದಿ? ಕಾಲು ಕೂದಲಿನಂತಿದ್ದರೂ ತಳದಲ್ಲಿ ಬೀಳುವ ನೆರಳು ದುಂಡಗಿನ ಬೊಟ್ಟು. ಕಾಲು ಊರಿದಲ್ಲಿ ನೀರಿನ ಮೈ ತಗ್ಗುತ್ತದೆ. ಆ ತಗ್ಗು ಬೆಳಕನ್ನು ಬಾಗಿಸಿ ಅತ್ತಿತ್ತ ಚದರಿಸುತ್ತದೆ. ಶಿಕ್ಷಕ ತರಬೇತಿಯಲ್ಲಿ ಬೆಳಕಿನ ವಕ್ರೀಭವನವನ್ನು ಬಾಯಿಪಾಠ ಮಾಡಿದ್ದ ನನಗೆ ಅದು ಕಣ್ಣಿಗೆ ಬಿದ್ದದ್ದು ಈ ತೋಡಿನಲ್ಲಿ.

ಹಿಂದಿರುಗುವ ದಾರಿ ಗುಡ್ಡೆಯ ಮತ್ತೊಂದು ಪಕ್ಕೆಯಲ್ಲಿ, ಒಂದು ಸುರಂಗದ ಬಾಯಿಯ ಮುಂದಿನಿಂದ ಹಾದುಹೋಗುತ್ತದೆ. ಮುರಕಲ್ಲಿನ ಗುಡ್ಡೆಯೊಳಕ್ಕೆ ಅಡ್ಡವಾಗಿ ತೋಡಿದ ಬಾವಿಯಿದು. ಒಬ್ಬ ಮನುಷ್ಯನು ನಡೆದುಹೋಗುವಷ್ಟು ಎತ್ತರ, ಭುಜಗಳು ಗೋಡೆಗೆ ತಾಗುವಷ್ಟು ಅಗಲ. ಗುಡ್ಡೆ ಕುಡಿದಿಟ್ಟ ಮಳೆನೀರು ಒಳಗಿನ ಗೋಡೆಗಳಿಂದ ಜಿನುಗಿ ತಾನಾಗಿಯೇ ಹೊರಗೆ ಹರಿಯುತ್ತದೆ. ಹಗ್ಗವೂ ಬೇಡ, ಪಂಪೂ ಬೇಡ. ಮೇ ತಿಂಗಳಿನಲ್ಲಿಯೂ ಅದರ ಬಾಯಲ್ಲಿ ನಿಂತರೆ ಮುಖಕ್ಕೆ ತಂಪು ತಾಗುತ್ತದೆ. ಇದನ್ನು ತೋಡಿದವರು ನೆರೆಮನೆಯ ಅಜ್ಜನ ತಂದೆ. ಹಿಡಿ ಗಿಡ್ಡವಾದ ಪಿಕ್ಕಾಸು, ಒಂದು ಎಣ್ಣೆಯ ದೀಪ, ಹಲವು ವರ್ಷಗಳ ದುಡಿಮೆ. ದೀಪ ಮಂಕಾದರೆ ಒಳಗೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಿದ್ದರಂತೆ.

ಪ್ರತಿವರ್ಷವೂ ಎಪ್ರಿಲ್ ಕೊನೆಯ ವಾರದಲ್ಲಿ ಈ ಸುರಂಗದ ದಂಬೆಯಿಂದ ಬೀಳುವ ನೀರಿನ ಪಟವನ್ನು ಒಂದೇ ಕಲ್ಲಿನ ಮೇಲೆ ನಿಂತು ತೆಗೆದಿದ್ದೇನೆ. 2020ರ ಪಟದಲ್ಲಿ ಹೆಬ್ಬೆರಳು ಗಾತ್ರದ ಧಾರೆ. 2021ರಲ್ಲಿಯೂ ಹಾಗೆಯೇ. 2022ರಲ್ಲಿ ಧಾರೆ ದಾರದಷ್ಟಾಗಿದೆ. 2024ರ ಪಟದಲ್ಲಿರುವುದು ದಂಬೆಯ ತುದಿಯಲ್ಲಿ ತೂಗುವ ಒಂದು ಹನಿ. ಪಟವೆಂಬ ದೃಷ್ಟಿಯಿಂದ ಅದೇ ಎಲ್ಲಕ್ಕಿಂತ ಸುಂದರವಾದುದು. ಶಾಲೆಯಲ್ಲಿ ತೋರಿಸಿದಾಗ ಮಕ್ಕಳು ಅದನ್ನೇ ಮೆಚ್ಚಿದರು.

ಇನ್ನೊಂದು ಮಾತನ್ನು ಹೇಳದಿರಲಾರೆ. ನನ್ನ ಮನೆಯೂ ಅದೇ ಗುಡ್ಡೆಯ ನೆತ್ತಿಯಲ್ಲಿದೆ. 2021ರ ಮೇ ತಿಂಗಳಿನಲ್ಲಿ ನಮ್ಮ ಬಾವಿ ಬತ್ತಿದಾಗ ಸಾಲ ಮಾಡಿ ಕೊಳವೆಬಾವಿ ತೆಗೆಯಿಸಿದೆನು. 420 ಅಡಿಯಲ್ಲಿ ನೀರು ಬಂದಾಗ ಮನೆಯವರೆಲ್ಲರೂ ಕುಣಿದಾಡಿದ್ದೆವು. ಸುರಂಗ ಬಡವಾದುದಕ್ಕೆ ಬೇರೆ ಕಾರಣಗಳೂ ಇರಬಹುದು: ಗುಡ್ಡೆಯ ಕಾಡು ಕಡಿದು ರಬ್ಬರು ಬಂದಿದೆ, 2023ರಲ್ಲಿ ಕೇರಳದ ಮುಂಗಾರು ಬಹಳ ಕೊರತೆಯದಾಗಿತ್ತು. ಆದರೆ 2021ರ ಹಿಂಗಾರು ಧಾರಾಳವಾಗಿ ಸುರಿದಿತ್ತು. ಹಾಗಿದ್ದೂ ಮರುವರ್ಷದ ಪಟದಲ್ಲಿ ಧಾರೆ ದಾರವಾಗಿದೆ. ಪಟಗಳನ್ನು ವರ್ಷಾನುಕ್ರಮವಾಗಿ ಜೋಡಿಸಿ ನೋಡಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ಮೋಟಾರನ್ನು ದಿನಕ್ಕೆ ಒಂದೇ ಹೊತ್ತು ಹಾಕುತ್ತೇವೆ. ಮಾಡಿನ ಮಳೆನೀರನ್ನು ಹಳೆಯ ಬಾವಿಗೆ ಬಿಟ್ಟಿದ್ದೇನೆ. ಇದರಿಂದ ಸುರಂಗಕ್ಕೆ ಏನಾದರೂ ಆದೀತೇ ಎಂಬುದನ್ನು ಮುಂದಿನ ಎಪ್ರಿಲಿನ ಪಟವೇ ಹೇಳಬೇಕು. ಹನಿಯ ಪಟವನ್ನು ನೆರೆಮನೆಯ ಅಜ್ಜನಿಗೆ ತೋರಿಸಿದಾಗ ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಕಾಲ ಕೆಟ್ಟಿತು ಮಾಷ್ಟ್ರೇ" ಎಂದಷ್ಟೇ ಹೇಳಿದರು. ಕೊಳವೆಬಾವಿಯ ಮಾತು ನನ್ನ ನಾಲಗೆಯವರೆಗೆ ಬಂದು ನಿಂತಿತು. ಈ ಸಂಚಿಕೆಯ ಒಂದು ಪ್ರತಿ ಅವರ ಮನೆಗೂ ಹೋಗುವುದಿದೆ. ಅವರಿಗೆ ಕಣ್ಣು ಮಂಜಾಗಿರುವುದರಿಂದ ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಅವಳು ನನ್ನ ತರಗತಿಯವಳೇ.