ನಶ್ಯದ ಡಬ್ಬಿ

ಅಟ್ಟ ಗುಡಿಸುವಾಗ ತಾತನ ನಶ್ಯದ ಡಬ್ಬಿ ಸಿಕ್ಕಿತು. ಹಿತ್ತಾಳೆಯದು, ಮುಚ್ಚಳ ಕಚ್ಚಿಕೊಂಡುಬಿಟ್ಟಿತ್ತು. "ಗುಜರಿಗೆ ಹಾಕಿ" ಎಂದಳು ಮನೆಯಾಕೆ. ನಾನು ಅದನ್ನು ಹಿಡಿದುಕೊಂಡು ಜಗಲಿಗೆ ಬಂದೆ. ಜಗಲಿ ಎಂದೆನೇ? ನಮ್ಮ ಅಗ್ರಹಾರದಲ್ಲಿ ಈಗ ಜಗಲಿ ಅಂದರೆ ಎರಡು ಸ್ಕೂಟರುಗಳ ನಡುವೆ ಉಳಿದ ಒಂದೂವರೆ ಆಳಿನ ಜಾಗ. ಆ ಅರ್ಧ ನನ್ನದು. ಪೂರ್ತಿ ಒಂದು ಪಕ್ಕದ ಮನೆ ಮೇಷ್ಟ್ರದು. ನೂರೊಂದು ಗಣಪತಿಗೆ ಕೈಮುಗಿದು ಬಂದು ಕೂತರೆಂದರೆ ಬಿಸಿಲು ಕಾಲಿಗೆ ತಾಗುವವರೆಗೂ ಅವರು ಏಳುವವರಲ್ಲ.

ಡಬ್ಬಿ ನೋಡಿದವರೇ, "ಬ್ಯಾಪ್ಟಿಸ್ಟ್ ಮಿಷನ್ನು ಹುಟ್ಟಿದ್ದೇ ಇಂಥದ್ದೊಂದರಲ್ಲಿ ಕಣ್ರೀ" ಎಂದರು.

ಬ್ಯಾಪ್ಟಿಸ್ಟ್ ಅಂದರೆ ನನಗೆ ಗೊತ್ತಿದ್ದದ್ದು ಬೆಂಗಳೂರು ಹೆಬ್ಬಾಳದ ಆಸ್ಪತ್ರೆ, 1973ರದು. ಮೈಸೂರಲ್ಲಿ ಮಿಷನ್ನು ಅಂದರೆ ವೆಸ್ಲಿಯನ್ನರದೇ ಲೆಕ್ಕ. ಅವರು 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಆ ಹೆಸರಿನಿಂದ ಕರೆದ ಮೈಸೂರಿನವನನ್ನು ನಾನಂತೂ ಕಂಡಿಲ್ಲ. 'ಮಿಷನ್ ಆಸ್ಪತ್ರೆ', ಅಷ್ಟೇ. ನಾಲಿಗೆಗೆ ಸುಲಭವಾದದ್ದೇ ಊರಿನ ಹೆಸರು, ಅಲ್ಲವೆ?

ಇರಲಿ, ಡಬ್ಬಿಗೆ ಬರೋಣ. 1792ರ ಅಕ್ಟೋಬರ್ 2. ಗಾಂಧಿ ಜಯಂತಿ ಅನ್ನಬೇಡಿ, ಗಾಂಧಿ ಹುಟ್ಟುವುದಕ್ಕೆ ಇನ್ನೂ 77 ವರ್ಷ ಇತ್ತು. ಇಂಗ್ಲೆಂಡಿನ ಕೆಟರಿಂಗ್ ಊರಲ್ಲಿ, ಒಬ್ಬ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಸೇರಿ, ದೂರದೇಶಕ್ಕೆ ಬೋಧಕರನ್ನು ಕಳಿಸಲು ಸಂಘ ಕಟ್ಟಿದರು. ಇಷ್ಟಿಷ್ಟು ಕೊಡುತ್ತೇವೆಂದು ಬರೆದ ಚೀಟಿಗಳನ್ನು ಹಾಕಿದ್ದು ಆಂಡ್ರೂ ಫುಲ್ಲರ್ ಎಂಬವರ ನಶ್ಯದ ಡಬ್ಬಿಗೆ. ಒಟ್ಟು 13 ಪೌಂಡು, 2 ಶಿಲ್ಲಿಂಗು, 6 ಪೆನ್ಸು. ಆ ಚೀಟಿ ಬಿಚ್ಚಿ ಲೆಕ್ಕ ಹಾಕಿದವರು ಎಷ್ಟು ಸಲ ಸೀನಿದರೋ! ನಮ್ಮ ತಾತನಾಗಿದ್ದರೆ ಆ ಸಂಘ ಹುಟ್ಟುತ್ತಲೇ ಇರಲಿಲ್ಲ. ಅವರ ಡಬ್ಬಿಯನ್ನು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ತೀರ ಹತ್ತಿರದ ನೆಂಟರು ಒಂದು ಚಿಟಿಕೆ ಕೇಳಿದರೆ ಮುಚ್ಚಳಕ್ಕೆ ಅಂಟಿದ್ದನ್ನು ತಟ್ಟಿ ಕೊಡುತ್ತಿದ್ದರು.

"ಆ ಗುಂಪಿನಲ್ಲಿ ವಿಲಿಯಂ ಕೇರಿ ಇದ್ದ" ಎಂದರು ಮೇಷ್ಟ್ರು. ಕಾಫಿ ತಂದ ಮನೆಯಾಕೆ, "ಯಾವ ಕೇರಿ?" ಅಂದಳು. ತಪ್ಪೇನು? ಅಗ್ರಹಾರದವರಿಗೆ ಕೇರಿ ಅಂದರೆ ಮೇಲಿನದು, ಕೆಳಗಿನದು ಎಂದೇ ಮೊದಲು ಹೊಳೆಯುವುದು. ಈ ಕೇರಿಯಾದರೋ ಜೋಡು ಹೊಲಿದು ಬದುಕಿದವನು. ಆ ಕಾಲಕ್ಕೆ ಇಲ್ಲಿಗೆ ಬಂದಿದ್ದರೆ ಜಗಲಿ ಹತ್ತಿಸುತ್ತಿದ್ದರೆ? ನೀವೇ ಹೇಳಿ, ನಾನು ಕಾಫಿ ಕುಡಿಯುತ್ತೇನೆ.

ಆದರೆ ಒಂದು ವಿಷಯದಲ್ಲಿ ನಮ್ಮಜ್ಜಿ ಬ್ಯಾಪ್ಟಿಸ್ಟರ ಪಕ್ಷ. ಎಳೆಗೂಸಿನ ತಲೆಗೆ ನಾಲ್ಕು ಹನಿ ಚಿಮುಕಿಸಿದರೆ ಅದು ದೀಕ್ಷೆಯಲ್ಲ, ಬುದ್ಧಿ ಬಂದವನು ತಾನೇ ಒಪ್ಪಿ ಪೂರ್ತಿ ಮುಳುಗಿ ಏಳಬೇಕು ಎನ್ನುವುದು ಅವರ ಹಟ. ಅಜ್ಜಿಯೂ ಅಷ್ಟೆ, ಪಶ್ಚಿಮವಾಹಿನಿಯಲ್ಲಿ ನೆಗಡಿಯ ನೆಪ ಹೇಳಿ ತಲೆಗೆ ನೀರು ಪ್ರೋಕ್ಷಿಸಿಕೊಂಡು ಬಂದ ಮಾವನನ್ನು ಮೆಟ್ಟಿಲಿನಿಂದಲೇ ವಾಪಸು ಅಟ್ಟಿದ್ದಳು. ಕೇರಿ ಮುಳುಗಿದ್ದು 1783ರ ಅಕ್ಟೋಬರಿನ ಚಳಿಯಲ್ಲಿ. ಹೊಳೆಯ ಹೆಸರು ನೆನ್, ನೆನೆಯದೆ ಬರಲಾದೀತೆ? ಈ ಮುಳುಗು ದೊಡ್ಡ ಜಗಳಕ್ಕೂ ಬಂತು. ಬಂಗಾಳಿ ಬೈಬಲಿನಲ್ಲಿ ದೀಕ್ಷೆ ಎನ್ನುವಲ್ಲಿ ಮುಳುಗಿಸುವುದು ಎಂಬರ್ಥದ ಮಾತು ಹಾಕಿದರೆಂದು ಬ್ರಿಟಿಷ್ ಬೈಬಲ್ ಸೊಸೈಟಿ ಕಾಸು ನಿಲ್ಲಿಸಿತು. ಬ್ಯಾಪ್ಟಿಸ್ಟರು 1840ರಲ್ಲಿ ಅನುವಾದಕ್ಕೆಂದೇ ತಮ್ಮದೊಂದು ಸೊಸೈಟಿ ಕಟ್ಟಿಕೊಂಡರು. ಅಜ್ಜಿ ಬದುಕಿದ್ದರೆ ಚಂದಾ ಕೊಡುತ್ತಿದ್ದಳೇನೋ, ತಾತನ ಡಬ್ಬಿಯಿಂದ.

ಕನ್ನಡದ ಮಾತು ಮರೆತೇಬಿಟ್ಟೆ. ಕಂಪನಿಯ ಕಾಟ ತಪ್ಪಿಸಿಕೊಂಡು 1800ರಲ್ಲಿ ಡೇನರ ಸೀರಾಂಪುರ ಸೇರಿದ ಕೇರಿ, ಅಲ್ಲೇ ಕೂತು ಕನ್ನಡ ಕಲಿತ. ಹೊಸ ಒಡಂಬಡಿಕೆಯನ್ನು ಕನ್ನಡಿಸಿದ. 1812ರ ಮಾರ್ಚಿ 11ರ ರಾತ್ರಿ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಆ ಹಸ್ತಪ್ರತಿ ಬೂದಿಯಾಯಿತು. ಕರಗಿದ ಸೀಸ ಗೋರಿ ಮತ್ತೆ ಅಚ್ಚುಮೊಳೆ ಎರಕ ಹೊಯ್ದರು. 1817ರಲ್ಲಿ ಇಂಗ್ಲಿಷಿನಲ್ಲಿ ಬರೆದ ಅವನ ಕನ್ನಡ ವ್ಯಾಕರಣವೂ ಅಚ್ಚಾಯಿತು. ಕಾವೇರಿ ನೋಡದವನು ನಮ್ಮ ವಿಭಕ್ತಿ ಪ್ರತ್ಯಯ ಜೋಡಿಸಿಟ್ಟ. ಕಾವೇರಿ ನೀರು ಕುಡಿದ ನನಗೆ ಚತುರ್ಥಿ ಯಾವುದೆಂದು ಮೇಷ್ಟ್ರು ಕೇಳಿದಾಗ ಗಣಪತಿ ಹಬ್ಬವೇ ನೆನಪಾಯಿತು.

ಅಷ್ಟರಲ್ಲಿ ಮುಚ್ಚಳ ಬಿಟ್ಟುಕೊಂಡಿತು. ಒಳಗೆ ಕಾಸೂ ಇಲ್ಲ, ಚೀಟಿಯೂ ಇಲ್ಲ. ಮೂಲೆಯಲ್ಲಿ ಕಂದು ಪುಡಿ. ಮೂಗಿನ ಹತ್ತಿರ ಹಿಡಿದೆ ನೋಡಿ, ಒಂದೇ ಒಂದು ಸೀನು.

ಏಳಲು ಹೊರಟಿದ್ದ ಮೇಷ್ಟ್ರು ಮತ್ತೆ ಕೂತರು. "ಒಂಟಿ ಸೀನು ಕಣ್ರೀ, ಈಗ ಹೊರಡಬಾರದು. ಅಮ್ಮಾ, ಇನ್ನರ್ಧ ಲೋಟ ಕಾಫಿ ಇದೆಯೇನಮ್ಮಾ?"