ಎದುರಿಗೆ ಕೆಂಪೆಲೆ, ಬೆನ್ನಿಗೆ ಕೆನ್ನೀರು

ನೀರಿನ ಬಣ್ಣ ಬದಲಾಯಿತು! ಈಗಷ್ಟೇ ತಳದ ಕಲ್ಲು ಕಾಣುವಷ್ಟು ತಿಳಿಯಾಗಿದ್ದ ವರ್ಜಿನ್ ನದಿ ಟ್ರೈಪಾಡಿನ ಕಾಲ ಸುತ್ತ ಕದಡಿ ಕೆಂಪಾಯಿತು. ತಲೆಯೆತ್ತಿದರೆ ಪಟ್ಟಿಯಷ್ಟು ಆಕಾಶ, ಅಚ್ಚ ನೀಲಿ. ಅದನ್ನು ನಂಬುವಂತಿಲ್ಲ. ಅಮೆರಿಕದ ಯೂಟಾ ರಾಜ್ಯದ ಜಾಯನ್ ಕಣಿವೆಯಲ್ಲಿ ಮಳೆ ಎಲ್ಲೋ ಮೈಲಿಗಳಾಚೆ ಸುರಿಯುತ್ತದೆ, ಬಂಡೆನೆಲ ಅದನ್ನು ಕುಡಿಯುವುದಿಲ್ಲ, ನೀರೆಲ್ಲ ಬಂದು ನುಗ್ಗುವುದು ‘ನ್ಯಾರೋಸ್’ ಎಂಬ ಈ ಸಂದಿಗೆ. ಎರಡೂ ಕಡೆ ಸುಮಾರು 1,000 ಅಡಿಯ ಮರಳುಗಲ್ಲಿನ ಗೋಡೆ. ಕೆಲವೆಡೆ ಅಗಲ 20–30 ಅಡಿಯಷ್ಟೇ. ನದಿಯೇ ದಾರಿ.

ಬಂದದ್ದು ಒಂದು ಮೇಪಲ್ ಮರಕ್ಕಾಗಿ. ಅಕ್ಟೋಬರ್ ಕೊನೆಗೆ ಇಲ್ಲಿ ಕಾಟನ್‌ವುಡ್ ಹೊನ್ನಾಗುತ್ತದೆ, ಮೇಪಲ್ ರಕ್ತಗೆಂಪಾಗುತ್ತದೆ. ಬಿಸಿಲು ತಳ ಮುಟ್ಟುವುದು ಅಪರೂಪ. ಅದು ಎತ್ತರದ ಗೋಡೆಗೆ ಬಡಿದು, ಕಿತ್ತಳೆ ಬೆಳಕಾಗಿ ಎದುರುಗೋಡೆಗೆ ಚಿಮ್ಮುತ್ತದೆ. ಆ ಬೆಳಕಿನಲ್ಲಿ ಒಂದೊಂದು ಎಲೆಯೂ ಒಳಗಿನಿಂದಲೇ ಹೊತ್ತಿಕೊಳ್ಳುತ್ತದೆ. ಇದಕ್ಕಿಂತ ಚೆಲುವಾದ ಬೆಳಕನ್ನು ನಾನು ಕಂಡಿಲ್ಲ. ಪೋಲರೈಸರ್ ತಿರುಗಿಸಿ ತೊಯ್ದ ಎಲೆಗಳ ಮಿರುಗು ತೆಗೆದೆ, ಬಣ್ಣ ಉಕ್ಕಿ ಬಂತು. ಶಟರ್ ಒತ್ತಿದೆ. ಅದು ಮುಚ್ಚುವ ಮೊದಲೇ ಚೌಕಟ್ಟಿನೊಳಕ್ಕೆ ಕಸಕಡ್ಡಿ ತೇಲಿ ಬಂತು.

ಆಮೇಲೆ ಸದ್ದು. ತಿರುವಿನಾಚೆಯಿಂದ, ಬಂಡೆ ಬಂಡೆಯನ್ನು ಅರೆಯುವ ಸದ್ದು.

“ಮೇಲಕ್ಕೆ ಹತ್ತೋ!” ಜೊತೆಗೆ ಬಂದಿದ್ದ ಗೆಳೆಯ ಕಿರುಚಿದ. ಎಲ್ಲಿಗೆ ಹತ್ತುವುದು? ಸುತ್ತಲೂ ಗೋಡೆ. ಆಗ ಹೊಳೆಯಿತು: ಆ ಮೇಪಲ್! ಬೊಡ್ಡೆ ಅಷ್ಟು ದಪ್ಪಗೆ ಬಲಿತಿದೆ ಎಂದರೆ, ವರ್ಷವರ್ಷದ ನೆರೆ ಅದನ್ನು ಕಿತ್ತಿಲ್ಲ. ಅದು ನಿಂತ ದಿಬ್ಬವೇ ನಮಗೆ ಆಸರೆ. ಟ್ರೈಪಾಡ್ ಅಲ್ಲೇ ಬಿಟ್ಟು ಹೊರಟೆವು. ಮೊಣಕಾಲಿನ ನೀರು ತೊಡೆಗೇರಿತು, ಸೊಂಟಕ್ಕೇರಿತು. ಕಾಲಡಿಯ ಕಲ್ಲುಗಳೇ ಉರುಳತೊಡಗಿದವು. ಅವನು ಜಾರಿದ. ಬೆನ್ನುಚೀಲದ ಪಟ್ಟಿ ನನ್ನ ಕೈಗೆ ಸಿಕ್ಕಿತು, ಇನ್ನೊಂದು ಕೈಗೆ ಮರದ ಬೇರು. ಎಳೆದೆ. ಮರುಗಳಿಗೆಯೇ, ನಾವು ನಿಂತಿದ್ದ ಜಾಗದಲ್ಲಿ ದೊಡ್ಡ ದಿಮ್ಮಿಯೊಂದು ಗೋಡೆಗೆ ಅಪ್ಪಳಿಸಿ ಸೀಳಿಹೋಯಿತು.

ರಾತ್ರಿಯಿಡೀ ಕೆಳಗೆ ಕತ್ತಲು ಮೊರೆಯಿತು. ಒದ್ದೆ ಮೈ, ಕೊರೆಯುವ ಚಳಿ. ಉದುರಿದ ಎಲೆ ಗುಡ್ಡೆ ಮಾಡಿ, ಒಬ್ಬರಿಗೊಬ್ಬರು ಒತ್ತಿ ಕುಳಿತು, ನಿದ್ದೆಗೆ ಜಾರದಂತೆ ಮಾತಾಡುತ್ತಲೇ ಇದ್ದೆವು. ಬೆಳಗ್ಗೆ ನೀರಿಳಿದ ಮೇಲೆ ನಡೆದು ಹೊರಬಿದ್ದೆವು.

ಎಲ್ಲರಿಗೂ ಅಂಥ ದಿಬ್ಬ ಸಿಗುವುದಿಲ್ಲ. 2015ರ ಸೆಪ್ಟೆಂಬರ್ 14ರಂದು ಇದೇ ಜಾಯನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಕಣಿವೆಯಲ್ಲಿ ಏಳು ಮಂದಿ ಹಠಾತ್ ನೆರೆಗೆ ಸಿಕ್ಕಿ ತೀರಿಕೊಂಡರು. ಹೋಗುವವರು ದಯವಿಟ್ಟು ಆ ದಿನದ ನೆರೆ ಮುನ್ಸೂಚನೆ ನೋಡಿ ಹೊರಡಿ. ಚೌಕಟ್ಟು ಹುಡುಕುವ ಮೊದಲು ಹತ್ತಿ ನಿಲ್ಲಬಲ್ಲ ದಿಬ್ಬ ಹುಡುಕಿ. ನೀರು ಕದಡಿತೋ, ಕ್ಯಾಮೆರಾ ಬಿಟ್ಟು ಹತ್ತಿ.